ಎದೆಹಾಲನ್ನು ಅಳೆದು ಕೊಡುವವರು ಯಾರು?

ಹುಟ್ಟಿದಾಗ ಮೂರು ಕಿಲೋಗ್ರಾಮಿನಷ್ಟು ತೂಗುವ ಹಸುಗೂಸು ಆರು ತಿಂಗಳು ತುಂಬುವ ವೇಳೆಗೆ ಏಳು ಕಿಲೋಗ್ರಾಮಿನ ಆಸುಪಾಸಿಗೆ ಬರುತ್ತದೆ. ಅರ್ಧ ವರ್ಷದಲ್ಲಿ ತನ್ನ ದೇಹವನ್ನು ಇಮ್ಮಡಿಗಿಂತ ಹೆಚ್ಚಾಗಿ ಬೆಳೆಸಿಕೊಳ್ಳುವ ಈ ಪುಟ್ಟ ಪ್ರಾಣಿಗೆ ಅನ್ನವೂ ನೀರೂ ಒಂದೇ. ಅದು ತಾಯಿಯ ಹಾಲು. ಆ ಹಾಲನ್ನು ಪಾವಿನಿಂದಾಗಲಿ ಲೀಟರಿನಿಂದಾಗಲಿ ಯಾರೂ ಅಳೆದು ಕೊಡುವುದಿಲ್ಲ. ತಾನು ಎಷ್ಟು ಕೊಟ್ಟೆನೆಂಬುದು ತಾಯಿಗೆ ತಿಳಿಯದು. ತಾನು ಎಷ್ಟು ಕುಡಿದೆನೆಂದು ಹೇಳಲು ಮಗುವಿಗೆ ಬಾಯಿಲ್ಲ. ಹೀಗಿದ್ದರೂ ಬಹುಮಂದಿ ತಾಯಂದಿರಲ್ಲಿ ಹಾಲು ಮಗುವಿನ ಅಗತ್ಯಕ್ಕೆ ಸರಿಯಾಗಿ ಒದಗುತ್ತದೆ. ಒಂದು ಮಗುವಿದ್ದರೆ ಒಂದಕ್ಕೆ ಸಾಕಾಗುವಷ್ಟು, ಅವಳಿಗಳಿದ್ದರೆ ಎರಡಕ್ಕೆ ಸಾಕಾಗುವಷ್ಟು! ಈ ಲೆಕ್ಕವನ್ನು ಇಡುವವರು ಯಾರು?

ಭೌತಶಾಸ್ತ್ರವನ್ನು ಬೋಧಿಸುವವರಿಗೆ ಈ ಪ್ರಶ್ನೆ ಅಪರಿಚಿತವಾದುದಲ್ಲ. ಉಗಿಯಂತ್ರದ ವೇಗ ಹೆಚ್ಚಿದೊಡನೆ ತಾನಾಗಿಯೇ ಉಗಿಯ ದಾರಿಯನ್ನು ಕಿರಿದುಮಾಡುವ ತಿರುಗುಗುಂಡುಗಳನ್ನು ಜೇಮ್ಸ್ ವಾಟ್ ೧೭೮೮ರಲ್ಲಿ ಅಳವಡಿಸಿದನು. ನಮ್ಮ ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿಯೂ ಇಂಥದೇ ಏರ್ಪಾಡು ಇದೆ. ನೀರು ಇಳಿದರೆ ತೇಲುಗುಂಡು ಇಳಿದು ನಲ್ಲಿ ತೆರೆಯುತ್ತದೆ. ನೀರು ತುಂಬಿದರೆ ಗುಂಡು ಮೇಲೆದ್ದು ನಲ್ಲಿಯನ್ನು ಮುಚ್ಚುತ್ತದೆ. ಫಲವೇ ಹಿಂದಿರುಗಿ ಕಾರಣವನ್ನು ತಿದ್ದುವ ಇಂಥ ಏರ್ಪಾಡು ತಾಯಿಯ ಎದೆಯಲ್ಲಿಯೂ ಇರಬೇಕಲ್ಲವೆ? ಇದೆ. ಅದನ್ನು ತಿಳಿದುಕೊಳ್ಳುವುದು ಬರಿಯ ಕುತೂಹಲದ ವಿಷಯವೂ ಅಲ್ಲ. "ಹಾಲು ಸಾಲದು" ಎಂಬ ಒಂದು ಮಾತಿನಿಂದ ಎಷ್ಟೋ ಮನೆಗಳಲ್ಲಿ ಸೀಸೆ ಒಳಗೆ ಬಂದು, ಎದೆಹಾಲು ನಿಜವಾಗಿಯೂ ಬತ್ತಿಹೋಗುತ್ತದೆ. ಏರ್ಪಾಡಿನ ಗುಟ್ಟನ್ನು ಅರಿತವರು ಆ ಮಾತನ್ನು ಆಡುವ ಮೊದಲು ಎರಡು ಸಲ ಯೋಚಿಸುವರು.

ಹಾಲಿನ ಕಾರ್ಖಾನೆ

ಸ್ತನದ ಒಳಗಿನ ರಚನೆಯನ್ನು ಕೊಂಬೆಗಳಿಂದ ತುಂಬಿದ ಒಂದು ಮರಕ್ಕೆ ಹೋಲಿಸಬಹುದು. ಕೊಂಬೆಗಳೇ ಹಾಲಿನ ನಾಳಗಳು. ಎಲೆಗಳ ಸ್ಥಾನದಲ್ಲಿ ದ್ರಾಕ್ಷಿಯ ಗೊಂಚಲಿನಂತೆ ಅತಿ ಸೂಕ್ಷ್ಮವಾದ ಚೀಲಗಳಿವೆ. ಪ್ರತಿಯೊಂದು ಚೀಲದ ಗೋಡೆಯೂ ಒಂದೇ ಪದರ ಜೀವಕಣಗಳಿಂದ ಆಗಿದೆ. ಈ ಜೀವಕಣಗಳು ಹೊರಬದಿಯಲ್ಲಿ ಹರಿಯುವ ರಕ್ತದಿಂದ ಸಾಮಗ್ರಿಯನ್ನು ಪಡೆದು ಒಳಬದಿಗೆ ಹಾಲನ್ನು ಸುರಿಸುತ್ತವೆ. ಚೀಲದ ಹೊರಗೆ ಸಂಕೋಚಿಸಬಲ್ಲ ಬೇರೆ ಜೀವಕಣಗಳು ಬಲೆಯಂತೆ ಹೆಣೆದುಕೊಂಡಿವೆ. ತೊಟ್ಟಿನಲ್ಲಿ ೧೫ರಿಂದ ೨೦ ನಾಳಗಳು ತೆರೆಯುತ್ತವೆಂದೂ ತೊಟ್ಟಿನ ಹಿಂದೆ ಹಾಲನ್ನು ಕೂಡಿಡುವ ಹಿಗ್ಗುಗಳಿವೆಯೆಂದೂ ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದುವು. ಪಶ್ಚಿಮ ಆಸ್ಟ್ರೇಲಿಯದ ವಿಜ್ಞಾನಿಗಳು ಶ್ರವಣಾತೀತ ಧ್ವನಿಯ ಅಲೆಗಳಿಂದ, ಹಾಲೂಡುವ ತಾಯಂದಿರ ಸ್ತನಗಳನ್ನು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯಾಗಿತ್ತು. ನಾಳಗಳು ಸರಾಸರಿ ಒಂಬತ್ತು ಮಾತ್ರ. ಕೂಡಿಡುವ ಹಿಗ್ಗುಗಳು ಕಾಣಲೇ ಇಲ್ಲ. ಹಸುವಿನ ಕೆಚ್ಚಲಿನಲ್ಲಿರುವಂಥ ಹಾಲಿನ ತೊಟ್ಟಿ ಮನುಷ್ಯರಲ್ಲಿ ಇಲ್ಲ. ಹಾಲು ಹುಟ್ಟಿದ ಚೀಲದಲ್ಲಿಯೇ ನಿಂತಿರುತ್ತದೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರಿಂದ ಪ್ರಯೋಜನವಿದೆ.

ಹಾಲಿನಲ್ಲಿರುವ ನೀರು ಎಲ್ಲಿಂದ ಬರುತ್ತದೆ? ಇಲ್ಲಿ ಅಭಿಸರಣದ ನಿಯಮ ಕೆಲಸ ಮಾಡುತ್ತದೆ. ತೆಳುಪೊರೆಯ ಒಂದು ಬದಿಯಲ್ಲಿ ಕರಗಿದ ವಸ್ತು ಹೆಚ್ಚಾದರೆ ನೀರು ಆ ಕಡೆಗೆ ನುಗ್ಗುತ್ತದೆ. ಎದೆಹಾಲಿನ ಒಂದು ಲೀಟರಿನಲ್ಲಿ ಸುಮಾರು ೭೦ ಗ್ರಾಂ ಹಾಲುಸಕ್ಕರೆ, ಅಂದರೆ ಲ್ಯಾಕ್ಟೋಸ್, ಇದೆ. ಅದರ ಅಣುತೂಕ ೩೪೨. ಭಾಗಿಸಿ ನೋಡಿದರೆ ಲೀಟರಿಗೆ ಸುಮಾರು ೦.೨ ಮೋಲ್ ಆಗುತ್ತದೆ. ರಕ್ತದಲ್ಲಿ ಕರಗಿರುವ ಎಲ್ಲ ಕಣಗಳನ್ನು ಕೂಡಿಸಿದರೆ ಲೀಟರಿಗೆ ಸುಮಾರು ೦.೩ ಮೋಲ್. ರಕ್ತಕ್ಕೂ ಹಾಲಿಗೂ ಈ ಮೊತ್ತ ಸಮವಾಗಿರಬೇಕಾದುದರಿಂದ, ಹಾಲಿನ ಪಾಲಿನ ಮೂರರಲ್ಲಿ ಎರಡರಷ್ಟನ್ನು ಹಾಲುಸಕ್ಕರೆಯೊಂದೇ ತುಂಬುತ್ತದೆ. ಜೀವಕಣಗಳು ಎಷ್ಟು ಸಕ್ಕರೆಯನ್ನು ತಯಾರಿಸುತ್ತವೆಯೋ ಅದಕ್ಕೆ ತಕ್ಕಷ್ಟು ನೀರು ಹಿಂಬಾಲಿಸುತ್ತದೆ. ಬಾಣಂತಿಯು ಬಾಯಾರಿಕೆಯಾದಾಗಲೆಲ್ಲ ನೀರು ಕುಡಿಯಬೇಕಾದುದು ಸರಿಯೆ. ಆದರೆ ಚೊಂಬುಗಟ್ಟಲೆ ಹೆಚ್ಚಾಗಿ ಕುಡಿದ ಮಾತ್ರಕ್ಕೆ ಹಾಲು ಏರುವುದಿಲ್ಲ. ಅಳತೆಯ ಕೀಲಿ ಇರುವುದು ನೀರಿನಲ್ಲಲ್ಲ, ಸಕ್ಕರೆಯನ್ನು ತಯಾರಿಸುವ ಜೀವಕಣದಲ್ಲಿ.

ಮೊದಲ ದಿನಗಳು

ಗರ್ಭದ ಮಧ್ಯಕಾಲದಲ್ಲಿಯೇ ಈ ಜೀವಕಣಗಳು ಸಿದ್ಧವಾಗಿರುತ್ತವೆ. ಆದರೂ ಹಾಲು ಹರಿಯುವುದಿಲ್ಲ. ಏಕೆಂದರೆ ಮಾಸಿನಲ್ಲಿ ಉತ್ಪತ್ತಿಯಾಗುವ ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಬೀಗ ಹಾಕಿದಂತೆ ಅವುಗಳನ್ನು ತಡೆದಿರುತ್ತದೆ. ಹೆರಿಗೆಯಾಗಿ ಮಾಸು ಹೊರಬಿದ್ದೊಡನೆ ರಕ್ತದಲ್ಲಿ ಆ ಹಾರ್ಮೋನು ವೇಗವಾಗಿ ಇಳಿಯತೊಡಗುತ್ತದೆ, ಬೀಗ ತೆರೆಯುತ್ತದೆ. ಆದರೆ ತೆರೆಯಲು ಸ್ವಲ್ಪ ಕಾಲ ಬೇಕು. ಸಾಮಾನ್ಯವಾಗಿ ೩೦ರಿಂದ ೭೨ ಗಂಟೆಗಳೊಳಗೆ ಹಾಲು ತುಂಬಿ ಬರುತ್ತದೆ. ಮಾಸಿನ ಚೂರೊಂದು ಗರ್ಭಕೋಶದಲ್ಲಿ ಉಳಿದುಕೊಂಡರೆ ಹಾಲು ಬರುವುದು ತಡವಾಗುವುದುಂಟು. ಬೀಗ ಎಲ್ಲಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಮೊದಲ ದಿನ ದೊರೆಯುವುದು ೧೦೦ ಮಿಲಿಲೀಟರಿಗೂ ಕಡಮೆಯಾದ, ಹಳದಿಬಣ್ಣದ, ಮಂದವಾದ ಗಿಣ್ಣುಹಾಲು. ಐದನೆಯ ದಿನದ ಹೊತ್ತಿಗೆ ಅದು ೫೦೦ ಮಿಲಿಲೀಟರಿನ ಸಮೀಪಕ್ಕೆ ಬರುತ್ತದೆ. ಈ ಏರಿಕೆಯನ್ನು ತಿಳಿಯದ ಹಿರಿಯರು ಎರಡನೆಯ ದಿನವೇ "ಹಾಲೇ ಇಳಿದಿಲ್ಲ" ಎಂದು ತೀರ್ಮಾನಿಸಿ ಮಗುವಿನ ನಾಲಗೆಗೆ ಜೇನನ್ನೋ ಸಕ್ಕರೆ ನೀರನ್ನೋ ಹಚ್ಚುತ್ತಾರೆ. ಕೆಲವೆಡೆ ಗಿಣ್ಣುಹಾಲನ್ನು ಕೆಟ್ಟಹಾಲೆಂದು ಹಿಂಡಿ ಚೆಲ್ಲುವ ರೂಢಿಯೂ ಉಂಟು. ರೋಗಗಳನ್ನು ತಡೆಯುವ ಪ್ರತಿಕಾಯಗಳು ಅತ್ಯಂತ ಸಾಂದ್ರವಾಗಿರುವುದು ಆ ಗಿಣ್ಣುಹಾಲಿನಲ್ಲಿಯೇ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ದೊರೆತ ಮಕ್ಕಳು ನೂರಕ್ಕೆ ೪೧.೮ ಮಾತ್ರ. ಮಾಡಬೇಕಾದ ಕೆಲಸ ಇನ್ನೂ ಎಷ್ಟಿದೆಯೆಂಬುದನ್ನು ಈ ಸಂಖ್ಯೆಯೇ ಹೇಳುತ್ತದೆ.

ಎರಡು ಹಾರ್ಮೋನುಗಳು

ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ೧೯೨೮ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಸ್ಟ್ರಿಕರ್ ಮತ್ತು ಗ್ರ್ಯೂಟರ್ ಎಂಬವರು ಆ ಗ್ರಂಥಿಯ ಸಾರವನ್ನು ಮೊಲಗಳಿಗೆ ಚುಚ್ಚಿ ಹಾಲು ಬರಿಸಿದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಆಸ್ಕರ್ ರಿಡ್ಲ್ ಮತ್ತು ಸಂಗಡಿಗರು, ಪಾರಿವಾಳಗಳು ಮರಿಗಳಿಗಾಗಿ ಕೊರಳಿನ ಚೀಲದಲ್ಲಿ ಉತ್ಪಾದಿಸುವ 'ಹಾಲಿಗೂ' ಅದೇ ವಸ್ತು ಕಾರಣವೆಂದು ಕಂಡು ಅದಕ್ಕೆ ಪ್ರೊಲ್ಯಾಕ್ಟಿನ್ ಎಂದು ಹೆಸರಿಟ್ಟರು. ಮಗು ಚೀಪಿದಾಗ ತೊಟ್ಟಿನ ನರಗಳಿಂದ ಸುದ್ದಿ ಮಿದುಳಿಗೆ ಮುಟ್ಟಿ ಪ್ರೊಲ್ಯಾಕ್ಟಿನ್ ರಕ್ತಕ್ಕೆ ಬರುತ್ತದೆ. ಹಾಲು ತಯಾರಾಗಬೇಕಾದರೆ ಇದರ ಅನುಮತಿ ಅಗತ್ಯ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಪಿಟ್ಯುಟರಿ ಗ್ರಂಥಿಯು ಹಾಳಾದ ಸ್ತ್ರೀಯರಲ್ಲಿ ಹಾಲು ಬಾರದಿರುವುದು ಇದಕ್ಕೆ ಸಾಕ್ಷಿ.

ಆದರೆ ತಯಾರಾದ ಹಾಲು ಚೀಲಗಳಲ್ಲಿಯೇ ನಿಂತಿರುತ್ತದೆಂದು ಆಗಲೇ ಹೇಳಿದೆವು. ಮಗು ಚೀಪುವಾಗ ಅದರ ಬಾಯಿಯಲ್ಲಿ ವಾತಾವರಣಕ್ಕಿಂತ ಸುಮಾರು ೧೪೫ ಮಿಲಿಮೀಟರು ಪಾದರಸದಷ್ಟು ಕಡಮೆ ಒತ್ತಡ ಉಂಟಾಗುತ್ತದೆಂದು ೨೦೦೮ರ ಅಳತೆಗಳು ತೋರಿಸಿದುವು. ಇದು ವಾಯುವಿನ ಒತ್ತಡದ ಐದನೆಯ ಒಂದು ಪಾಲು. ಹಸುಗೂಸಿನ ಶಕ್ತಿ ಅಲ್ಪವೇನಲ್ಲ! ಆದರೂ ಸೂಕ್ಷ್ಮವಾದ ಚೀಲಗಳಿಂದ ಹಾಲನ್ನು ಹೊರತರಲು ಹೀರುವಿಕೆಯೊಂದೇ ಸಾಲದು. ಒಳಗಿನಿಂದ ಒತ್ತುವವರೂ ಬೇಕು. ಆ ಕೆಲಸವನ್ನು ಮಾಡಿಸುವುದು ಆಕ್ಸಿಟೋಸಿನ್ ಎಂಬ ಎರಡನೆಯ ಹಾರ್ಮೋನು. ಇದು ರಕ್ತದ ಮೂಲಕ ಬಂದು ಚೀಲಗಳನ್ನು ಸುತ್ತಿದ ಬಲೆಯನ್ನು ಬಿಗಿಯುತ್ತದೆ; ಹಾಲು ನಾಳಗಳಿಗೆ ಚಿಮ್ಮುತ್ತದೆ. ಇದನ್ನೇ ನಮ್ಮವರು ತೊರೆ ಬಿಡುವುದೆನ್ನುತ್ತಾರೆ. ವಿನ್ಸೆಂಟ್ ಡು ವಿನ್ಯೋ ಎಂಬ ರಸಾಯನಶಾಸ್ತ್ರಜ್ಞನು ೧೯೫೩ರಲ್ಲಿ ಈ ಹಾರ್ಮೋನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ, ೧೯೫೫ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ತೊರೆಯು ತಾಯಿಯ ಮನಸ್ಸಿನ ನೆಮ್ಮದಿಗೆ ಎಷ್ಟು ಅಧೀನವೆಂಬುದನ್ನು ನೈಲ್ಸ್ ನ್ಯೂಟನ್ ಮತ್ತು ಮೈಕೇಲ್ ನ್ಯೂಟನ್ ಎಂಬ ದಂಪತಿಗಳು ೧೯೪೮ರಲ್ಲಿ ಸೊಗಸಾಗಿ ತೋರಿಸಿದರು. ಹಾಲೂಡುವ ತಾಯಿಯ ಕಾಲುಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಇಡಿಸಿದರು, ಕಾಲ್ಬೆರಳನ್ನು ಎಳೆದು ನೋಯಿಸಿದರು, ಗಣಿತದ ಪ್ರಶ್ನೆಗಳನ್ನು ಕೇಳಿದರು. ನೆಮ್ಮದಿಯಿದ್ದ ದಿನ ಮಗು ೧೬೮ ಗ್ರಾಂ ಹಾಲನ್ನು ಪಡೆದರೆ, ಕಾಟ ಕೊಟ್ಟ ದಿನ ದೊರೆತುದು ೯೯ ಗ್ರಾಂ. ಅಷ್ಟೇ ಕಾಟ ಕೊಟ್ಟು ಆಕ್ಸಿಟೋಸಿನ್ ಚುಚ್ಚಿದಾಗ ಪುನಃ ೧೫೩ ಗ್ರಾಂ! ಎಂದರೆ ಹಾಲು ಕಡಮೆಯಾಗಿರಲಿಲ್ಲ; ಇದ್ದ ಹಾಲು ಹೊರಗೆ ಬರದೆ ನಿಂತಿತ್ತು. ಬಾಣಂತಿಯ ಎದುರಿನಲ್ಲಿಯೇ "ನಿನಗೆ ಹಾಲಿಲ್ಲ" ಎಂದು ಮೂದಲಿಸುವವರು, ತಾವು ಮಂಜುಗಡ್ಡೆಯ ನೀರಿನ ಕೆಲಸವನ್ನೇ ಮಾಡುತ್ತಿದ್ದೇವೆಂಬುದನ್ನು ಅರಿಯಬೇಕು.

ರಕ್ತ ಒಂದೇ, ಎದೆ ಎರಡು

ಇಷ್ಟಾದರೂ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಪ್ರೊಲ್ಯಾಕ್ಟಿನ್ ಹೆಚ್ಚಾದಷ್ಟೂ ಹಾಲು ಹೆಚ್ಚೆಂದು ನಾವು ಊಹಿಸಬಹುದು. ಆದರೆ ಅಳೆದು ನೋಡಿದಾಗ, ತಿಂಗಳುಗಳು ಉರುಳಿದಂತೆ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಇಳಿಯುತ್ತ ಹೋಗುತ್ತದೆ. ಹಾಲು ಮಾತ್ರ ಇಳಿಯುವುದಿಲ್ಲ. ಇನ್ನೊಂದು ತೊಡಕನ್ನು ಗಮನಿಸಿ. ಎರಡು ಎದೆಗಳಿಗೂ ಹರಿಯುವ ರಕ್ತ ಒಂದೇ, ಅದರಲ್ಲಿರುವ ಹಾರ್ಮೋನೂ ಒಂದೇ. ಆದರೆ ಹಾಂಗ್‌ಕಾಂಗಿನ ದೋಣಿವಾಸಿಗಳಾದ ಟಾಂಕಾ ಜನರಲ್ಲಿ ತಾಯಂದಿರು ಬಲ ಎದೆಯಿಂದ ಮಾತ್ರ ಹಾಲೂಡುವ ರೂಢಿಯಿದ್ದುದನ್ನು ೧೯೭೭ರಲ್ಲಿ ವೈದ್ಯರು ವರದಿಮಾಡಿದರು. ಅವರ ಉಡುಪು ಬಲಗಡೆಗೆ ತೆರೆಯುತ್ತಿದ್ದುದೇ ಇದಕ್ಕೆ ಕಾರಣ. ಕುಡಿಸದ ಎದೆ ಬತ್ತುತ್ತದೆ, ಕುಡಿಸುವ ಎದೆ ಮಗುವನ್ನು ಸಾಕುತ್ತದೆ. ಕಾಂಗರೂಗಳಲ್ಲಂತೂ ಅಕ್ಕಪಕ್ಕದ ಎರಡು ಮೊಲೆಗಳಿಂದ ಏಕಕಾಲದಲ್ಲಿ, ಹುಟ್ಟಿದ ಮರಿಗೆ ಒಂದು ಬಗೆಯ ಹಾಲೂ ದೊಡ್ಡ ಮರಿಗೆ ಇನ್ನೊಂದು ಬಗೆಯ ಹಾಲೂ ದೊರೆಯುವುದುಂಟು. ಆದುದರಿಂದ ದಿನದಿನದ ಅಳತೆಯನ್ನು ಮಾಡುವ ನಿಯಂತ್ರಕವು ರಕ್ತದಲ್ಲಿಲ್ಲ. ಪ್ರತಿಯೊಂದು ಎದೆಯ ಒಳಗೇ ಇರಬೇಕು.

ಅದು ಯಾವುದು? ಭೌತಶಾಸ್ತ್ರದವರಿಗೆ ಮೊದಲು ಹೊಳೆಯುವುದು ಒತ್ತಡ. ಚೀಲ ತುಂಬಿ ಗೋಡೆ ಹಿಗ್ಗಿದಾಗ, ತೊಟ್ಟಿಯ ತೇಲುಗುಂಡಿನಂತೆ, ಉತ್ಪಾದನೆ ನಿಲ್ಲುತ್ತದೆಯೆನ್ನಬಹುದು. ಇದನ್ನು ಪರೀಕ್ಷಿಸಲು ಸ್ಕಾಟ್ಲೆಂಡಿನಲ್ಲಿ ಹೆಂಡರ್ಸನ್ ಮತ್ತು ಪೀಕರ್ ಎಂಬವರು ಮೇಕೆಗಳ ಮೇಲೆ ನಡೆಸಿದ ಪ್ರಯೋಗವನ್ನು ೧೯೮೪ರಲ್ಲಿ ಪ್ರಕಟಿಸಿದರು. ಮೇಕೆಯನ್ನು ಗಂಟೆಗೊಮ್ಮೆ ಕರೆದರೆ ಹಾಲಿನ ಉತ್ಪಾದನೆ ಏರುತ್ತದೆ. ಅವರು ಕರೆದ ಹಾಲಿನಷ್ಟೇ ಗಾತ್ರದ ಸಕ್ಕರೆಯ ದ್ರಾವಣವನ್ನು ಪುನಃ ಕೆಚ್ಚಲಿಗೆ ತುಂಬಿದರು. ಈಗ ಕೆಚ್ಚಲು ಮೊದಲಿನಷ್ಟೇ ತುಂಬಿದೆ, ಒತ್ತಡವೂ ಮೊದಲಿನಷ್ಟೇ ಇದೆ; ಹಾಲು ಮಾತ್ರ ಇಲ್ಲ. ಒತ್ತಡವೇ ಕಾರಣವಾಗಿದ್ದಲ್ಲಿ ಉತ್ಪಾದನೆ ಏರಬಾರದಾಗಿತ್ತು. ಅದು ಏರಿತು! ಎಂದರೆ ತಡೆಯುವ ವಸ್ತು ಹಾಲಿನಲ್ಲಿಯೇ ಕರಗಿದೆ. ಹಾಲು ನಿಂತಷ್ಟು ಹೊತ್ತೂ ಅದು ತನ್ನನ್ನು ತಯಾರಿಸುವ ಜೀವಕಣಕ್ಕೆ "ಸಾಕು" ಎನ್ನುತ್ತಿರುತ್ತದೆ. ಹಾಲನ್ನು ತೆಗೆದರೆ ಆ ಮಾತು ಅಡಗುತ್ತದೆ. ಈ ವಸ್ತು ಹಾಲಿನಲ್ಲಿರುವ ಒಂದು ಸಣ್ಣ ಪ್ರೋಟೀನೆಂದು ಪೀಕರ್ ಮತ್ತು ವೈಲ್ಡ್ ಮೊದಲಾದವರು ಭಾವಿಸಿದರು. ಈಚಿನ ಸಂಶೋಧನೆಗಳು ಎದೆಯ ಜೀವಕಣಗಳೇ ಉತ್ಪಾದಿಸುವ ಸೆರೊಟೋನಿನ್ ಎಂಬ ವಸ್ತುವಿನ ಕಡೆಗೆ ಬೆರಳು ತೋರಿಸಿವೆ. ತೀರ ಹೆಚ್ಚಾಗಿ ತುಂಬಿದಾಗ ಒತ್ತಡವೂ ತನ್ನ ಪಾಲಿನ ತಡೆಯನ್ನು ಸೇರಿಸುತ್ತದೆ. ವಿವರಗಳ ಚರ್ಚೆ ಮುಗಿದಿಲ್ಲ. ಆದರೆ ಮುಖ್ಯ ನಿಯಮ ಗಟ್ಟಿಯಾಗಿ ನಿಂತಿದೆ. ಹಾಲು ಹೊರಗೆ ಹೋದಷ್ಟೂ ಹುಟ್ಟುತ್ತದೆ; ಒಳಗೆ ನಿಂತಷ್ಟೂ ಹುಟ್ಟು ಕುಗ್ಗುತ್ತದೆ.

ಇದೇ ನಿಯಮವನ್ನು ತಾಯಂದಿರಲ್ಲಿ ಅಳೆದು ತೋರಿಸಿದವರು ಪಶ್ಚಿಮ ಆಸ್ಟ್ರೇಲಿಯದ ಪೀಟರ್ ಹಾರ್ಟ್‌ಮನ್ ಮತ್ತು ಅವರ ಸಹೋದ್ಯೋಗಿಗಳು. ಅವರ ವಿಧಾನ ಶುದ್ಧ ಭೌತಶಾಸ್ತ್ರದ್ದು. ಎದೆಯ ಮೇಲೆ ಬೆಳಕಿನ ಪಟ್ಟೆಗಳನ್ನು ಬೀಳಿಸಿ, ಆ ಪಟ್ಟೆಗಳ ಬಾಗುವಿಕೆಯನ್ನು ಕ್ಯಾಮೆರಾದಲ್ಲಿ ಹಿಡಿದು, ಗಣಕಯಂತ್ರದಿಂದ ಎದೆಯ ಗಾತ್ರವನ್ನು ಲೆಕ್ಕಹಾಕಿದರು. ಒಂದು ಸಲ ಕುಡಿಸಿದ ಮೇಲೆ ಮುಂದಿನ ಸಲದವರೆಗೆ ಗಾತ್ರವು ಎಷ್ಟು ಏರಿತೆಂಬುದರಿಂದ ಹಾಲಿನ ಉತ್ಪಾದನೆಯ ವೇಗ ತಿಳಿಯುತ್ತದೆ. ಹೆಚ್ಚು ಬರಿದಾದ ಎದೆ ಬೇಗ ತುಂಬಿತು. ಅರೆಬರಿದಾದುದು ನಿಧಾನವಾಗಿ ತುಂಬಿತು.

ಕೆಲವು ಅಂಕೆಗಳು

ಅದೇ ತಂಡದವರು ಒಂದರಿಂದ ಆರು ತಿಂಗಳ ವಯಸ್ಸಿನ, ಎದೆಹಾಲನ್ನು ಮಾತ್ರ ಕುಡಿಯುವ ಮಕ್ಕಳ ೭೧ ಮಂದಿ ತಾಯಂದಿರನ್ನು ಪರೀಕ್ಷಿಸಿ ೨೦೦೬ರಲ್ಲಿ ಪ್ರಕಟಿಸಿದ ಅಂಕೆಗಳು ಹೀಗಿವೆ. ದಿನವೊಂದಕ್ಕೆ ಹಾಲು ಸರಾಸರಿ ೭೮೮ ಗ್ರಾಂ. ಎಂದರೆ ಗಂಟೆಗೆ ೩೩ ಗ್ರಾಮಿನಂತೆ ಹಗಲೂ ರಾತ್ರಿಯೂ ನಡೆಯುವ ಉತ್ಪಾದನೆ. ಆದರೆ ಒಬ್ಬ ತಾಯಿಯಲ್ಲಿ ೪೭೮, ಇನ್ನೊಬ್ಬಳಲ್ಲಿ ೧,೩೫೬ ಗ್ರಾಂ! ಈ ಅಂತರವಿದ್ದರೂ ಮಕ್ಕಳೆಲ್ಲ ಆರೋಗ್ಯವಂತರೇ. ದಿನಕ್ಕೆ ಆರರಿಂದ ಹದಿನೆಂಟು ಸಲದವರೆಗೆ ಮಕ್ಕಳು ಕುಡಿದುವು. ಕುಡಿಯುವಾಗ ಎದೆಯನ್ನು ಬರಿದುಮಾಡಲಿಲ್ಲ. ಇದ್ದ ಹಾಲಿನಲ್ಲಿ ಸರಾಸರಿ ನೂರಕ್ಕೆ ೬೭ರಷ್ಟನ್ನು ಮಾತ್ರ ತೆಗೆದುಕೊಂಡುವು. ಕೊಡುವವಳ ಭಂಡಾರ ತೀರುವ ಮೊದಲೇ ಕೊಳ್ಳುವವನ ಹೊಟ್ಟೆ ತುಂಬಿತು. ಅವಳಿಗಳನ್ನು ಸಾಕುವ ತಾಯಂದಿರು ಆರನೆಯ ತಿಂಗಳಲ್ಲಿ ೮೪೦ರಿಂದ ೨,೧೬೦ ಗ್ರಾಮಿನವರೆಗೂ, ತ್ರಿವಳಿಗಳನ್ನು ಸಾಕಿದ ಒಬ್ಬ ತಾಯಿ ಎರಡೂವರೆ ತಿಂಗಳಿನಲ್ಲಿ ೩,೦೮೦ ಗ್ರಾಂ ಹಾಲನ್ನೂ ಕೊಟ್ಟುದನ್ನು ೧೯೮೬ರಲ್ಲಿ ಅಲ್ಲಿಯೇ ಅಳೆಯಲಾಗಿತ್ತು.

ಒಂದು ಸಲಕ್ಕೆ ಎದೆಯಲ್ಲಿ ಹಿಡಿಸುವ ಹಾಲು ತಾಯಿಯಿಂದ ತಾಯಿಗೆ ಬಹಳ ಬೇರೆಯಾಗಿರುತ್ತದೆ. ಹೊರಗಿನ ಗಾತ್ರವನ್ನು ನೋಡಿ ಅದನ್ನು ಹೇಳುವಂತಿಲ್ಲ. ಕಿರಿಯ ಕೊಡದಿಂದಲೂ ತೊಟ್ಟಿಯನ್ನು ತುಂಬಬಹುದು. ಹೆಚ್ಚು ಸಲ ಹೊರಬೇಕು, ಅಷ್ಟೆ. ಆದುದರಿಂದ ನೆರೆಮನೆಯ ಮಗು ನಾಲ್ಕು ಗಂಟೆ ನಿದ್ರಿಸುವುದನ್ನೂ ನಮ್ಮದು ಎರಡು ಗಂಟೆಗೇ ಅಳುವುದನ್ನೂ ಹೋಲಿಸಿ ತಾಯಿಯ ಹಾಲಿಗೆ ಬೆಲೆಕಟ್ಟುವುದು ನ್ಯಾಯವಲ್ಲ.

ಅನುಮಾನದ ತಿಂಗಳುಗಳು

ಹೆರಿಗೆಯಾದ ಆರು ವಾರಗಳಿಂದ ಮೂರು ತಿಂಗಳವರೆಗಿನ ಕಾಲದಲ್ಲಿ ಅನೇಕ ತಾಯಂದಿರಿಗೆ ಒಂದು ಭಯ ಹುಟ್ಟುತ್ತದೆ. ಮೊದಲು ಬಿಗಿದು ತುಂಬಿರುತ್ತಿದ್ದ ಎದೆ ಮೆದುವಾಗುತ್ತದೆ. ತಾನಾಗಿ ಸೋರುತ್ತಿದ್ದ ಹಾಲು ನಿಲ್ಲುತ್ತದೆ. ಮಗು ಬೇಗ ಕುಡಿದು ಮುಗಿಸುತ್ತದೆ. "ಹಾಲು ಬತ್ತಿತು" ಎಂದು ಮನೆಯವರೆಲ್ಲ ನಿರ್ಣಯಿಸುತ್ತಾರೆ. ನಿಜವಾಗಿ ನಡೆದುದೇನೆಂದರೆ, ಹಾರ್ಮೋನುಗಳ ಭರಾಟೆಯಲ್ಲಿ ಹೆಚ್ಚಾಗಿ ಹುಟ್ಟುತ್ತಿದ್ದ ಹಾಲು ಈಗ ಮಗುವಿನ ಬೇಡಿಕೆಗೆ ಸರಿಹೊಂದಿದೆ. ನಿಯಂತ್ರಕವು ಕೆಲಸವನ್ನು ಕಲಿತುಕೊಂಡಿದೆ.

ಮಗು ಬೆಳೆದಂತೆ ಹಾಲೂ ಏರಬೇಡವೆ ಎಂದು ಕೇಳಬಹುದು. ಮೊದಲ ಎರಡು ತಿಂಗಳುಗಳಲ್ಲಿ ಮಗು ತಿಂಗಳಿಗೆ ಸುಮಾರು ಒಂದು ಕಿಲೋಗ್ರಾಂ ಬೆಳೆಯುತ್ತದೆ. ಆರನೆಯ ತಿಂಗಳಿನಲ್ಲಿ ಆ ಬೆಳವಣಿಗೆ ನಾನೂರು ಗ್ರಾಮಿನಷ್ಟಕ್ಕೆ ಇಳಿಯುತ್ತದೆ. ದೇಹವನ್ನು ಕಟ್ಟುವ ಖರ್ಚು ಇಳಿದಂತೆ ದೇಹವನ್ನು ನಡೆಸುವ ಖರ್ಚು ಏರುತ್ತದೆ. ಎರಡೂ ಸೇರಿ ಮೊತ್ತ ಬಹುಮಟ್ಟಿಗೆ ಸಮನಾಗಿ ನಿಲ್ಲುವುದರಿಂದ, ಒಂದನೆಯ ತಿಂಗಳಿನಿಂದ ಆರನೆಯ ತಿಂಗಳವರೆಗೆ ಹಾಲಿನ ಅಳತೆಯೂ ಹೆಚ್ಚು ಬದಲಾಗುವುದಿಲ್ಲ. ತಾಯಂದಿರು ಎರಡು ವಾರ ಹೆಚ್ಚಾಗಿ ಹಾಲು ಹಿಂಡಿ ಉತ್ಪಾದನೆಯನ್ನು ಏರಿಸಿಕೊಂಡ ಮೇಲೂ ಮಕ್ಕಳು ಬಹುಬೇಗ ತಮ್ಮ ಮೊದಲಿನ ಅಳತೆಗೇ ಹಿಂದಿರುಗಿದುದನ್ನು ಕ್ಯಾಲಿಫೋರ್ನಿಯದ ಡ್ಯೂಯಿ ಮತ್ತು ಲೊನರ್ಡಾಲ್ ೧೯೮೬ರಲ್ಲಿ ತೋರಿಸಿದರು. ಅಳೆದು ಕೊಡುವವರು ಯಾರೆಂಬ ಪ್ರಶ್ನೆಗೆ ಇದೇ ಉತ್ತರ: ಅಳೆಯುವುದು ಮಗುವಿನ ಹಸಿವು, ಅದರಂತೆ ನಡೆಯುವುದು ತಾಯಿಯ ಎದೆ.

ಈಗ ಸೀಸೆಯ ಸಂಗತಿ. ಹಾಲು ಸಾಲದೆಂದು ಒಂದು ಸೀಸೆ ಪುಡಿಹಾಲನ್ನು ಕೊಟ್ಟರೆ ಮಗು ನಿದ್ರಿಸುತ್ತದೆ. ಎದೆಯಿಂದ ಆ ಹೊತ್ತಿನ ಹಾಲು ಹೊರಗೆ ಹೋಗುವುದಿಲ್ಲ. ನಿಂತ ಹಾಲು "ಸಾಕು" ಎನ್ನುತ್ತದೆ, ಉತ್ಪಾದನೆ ಇಳಿಯುತ್ತದೆ. ಮರುದಿನ ಹಾಲು ನಿಜವಾಗಿಯೂ ಕಡಮೆಯಾಗಿರುತ್ತದೆ. ಎರಡು ಸೀಸೆ ಬೇಕಾಗುತ್ತದೆ. ಸುಳ್ಳು ಅನುಮಾನವು ಕೆಲವೇ ವಾರಗಳಲ್ಲಿ ತನ್ನನ್ನು ತಾನೇ ನಿಜಮಾಡಿಕೊಳ್ಳುತ್ತದೆ. ನಿಯಂತ್ರಕಕ್ಕೆ ತಪ್ಪು ಸುದ್ದಿ ಕೊಟ್ಟವರು ನಾವು; ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ಇದೇ ನಿಯಮವನ್ನು ತಿರುಗಿಸಿದರೆ ಪರಿಹಾರವೂ ಸಿಗುತ್ತದೆ. ಹಾಲು ಹೆಚ್ಚಬೇಕಾದರೆ ಮಗುವಿಗೆ ಕೇಳಿದಾಗಲೆಲ್ಲ, ರಾತ್ರಿಯಲ್ಲಿಯೂ, ಕುಡಿಸಬೇಕು. ಮಗುವಿಗೆ ಚೀಪಲು ಶಕ್ತಿಯಿಲ್ಲದಿದ್ದರೆ ಹಿಂಡಿ ತೆಗೆಯಬೇಕು. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ಅಂಟಿನುಂಡೆಗಳು ಬಾಣಂತಿಗೆ ಒಳ್ಳೆಯ ಆಹಾರವೇ ಇರಬಹುದು. ಆದರೆ ನಿಂತ ಹಾಲನ್ನು ತೆಗೆಯುವ ಕೆಲಸವನ್ನು ಅವು ಮಾಡಲಾರವು.

ನಿಜವಾಗಿಯೇ ಹಾಲು ಸಾಲದಿರುವುದೂ ಉಂಟು. ಗ್ರಂಥಿಯ ಬೆಳವಣಿಗೆಯ ಕೊರತೆ, ಥೈರಾಯಿಡ್ ದೋಷ, ಹೆರಿಗೆಯ ರಕ್ತಸ್ರಾವ ಮೊದಲಾದುವು ಇದಕ್ಕೆ ಕಾರಣವಾಗಬಹುದು. ಅಂಥ ತಾಯಿಯ ಮೇಲೆ ಯಾವ ತಪ್ಪನ್ನೂ ಹೊರಿಸುವಂತಿಲ್ಲ. ಮಗು ಎರಡು ವಾರಗಳೊಳಗೆ ಹುಟ್ಟಿದ ತೂಕಕ್ಕೆ ಮರಳಿ, ಅನಂತರ ಏರುತ್ತಿದೆಯೆ, ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಮೂತ್ರವಿಸರ್ಜನೆ ಮಾಡುತ್ತಿದೆಯೆ ಎಂಬುದನ್ನು ನೋಡಬೇಕು. ಎದೆಯ ಬಿಗುವಾಗಲಿ ಮಗುವಿನ ಅಳುವಾಗಲಿ ಅಳತೆಗೋಲಲ್ಲ, ತಕ್ಕಡಿಯೇ ಅಳತೆಗೋಲು. ತಕ್ಕಡಿ ಏರದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅವರು ಹೇಳಿದರೆ ಮೇಲುಹಾಲನ್ನು ಹಿಂಜರಿಯದೆ ಕೊಡಬೇಕು.

ಕೊನೆಗೆ ಒಂದು ಮಾತು. ಈ ಏರ್ಪಾಡು ಎಷ್ಟೇ ಕುಶಲವಾದುದಾದರೂ ತಾಯಿ ಮತ್ತು ಮಗು ಒಟ್ಟಿಗಿದ್ದರೆ ಮಾತ್ರ ನಡೆಯುತ್ತದೆ. ೨೦೧೭ರಲ್ಲಿ ನಮ್ಮ ದೇಶದ ಕಾನೂನು ಹೆರಿಗೆಯ ರಜೆಯನ್ನು ೧೨ರಿಂದ ೨೬ ವಾರಗಳಿಗೆ ಏರಿಸಿತು. ಅದು ಹೆಚ್ಚುಕಡಮೆ ಆ ಆರು ತಿಂಗಳುಗಳೇ. ಆದರೆ ಹೊಲದಲ್ಲಿ ಕಳೆ ಕೀಳುವ, ಕಟ್ಟಡಕ್ಕೆ ಇಟ್ಟಿಗೆ ಹೊರುವ ತಾಯಿಗೆ ಆ ರಜೆ ತಲುಪುವುದು ಅಪರೂಪ. ಅವಳ ಎದೆಯಲ್ಲಿಯೂ ಇದೇ ನಿಯಂತ್ರಕವಿದೆ, ಅದರ ನಿಯಮವೂ ಇದೇ. ಬೆಳಗಿನಿಂದ ಸಂಜೆಯವರೆಗೆ ನಿಂತ ಹಾಲು ಅವಳಲ್ಲಿಯೂ "ಸಾಕು" ಎನ್ನುತ್ತದೆ. ಆ ತಾಯಿಗೆ ನಾವು ಕೊಡಬೇಕಾದುದು ಉಪದೇಶವನ್ನಲ್ಲ. ನೆರಳಿನಲ್ಲಿ ಒಂದು ಜಾಗವನ್ನೂ ಮಗುವನ್ನು ಹತ್ತಿರ ಇಟ್ಟುಕೊಳ್ಳುವ ಅವಕಾಶವನ್ನೂ ಎರಡು ಗಂಟೆಗೊಮ್ಮೆ ಸ್ವಲ್ಪ ಬಿಡುವನ್ನೂ ಕೊಡಬೇಕು. ಉಳಿದ ಲೆಕ್ಕವನ್ನು ತಾಯಿಯೂ ಮಗುವೂ ತಾವೇ ನೋಡಿಕೊಳ್ಳುವರು.